ನೂರು ಸಲ ಕೂಗಿದ ಹೆಸರು

ನಮ್ಮ ಕೇರಿಯಲ್ಲಿ ನೂರು ಅನ್ನೋದು ಸಾಲದ ಲೆಕ್ಕ. ಗೌಡರ ಮನೆಯಿಂದ ತಂದ ನೂರು ರೂಪಾಯಿಗೆ ತಾತಂದಿರು ವರ್ಷಗಟ್ಟಲೆ ಜೀತ ದುಡಿದ ಕತೆ ಕೇಳಿ ಬೆಳೆದವರು ನಾವು. ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ ಇನ್ನೊಂದು ನೂರು ಗೊತ್ತಾಯಿತು. ಅದು ಶತಕ. ದೇವರನ್ನು ಹಿಡಿದು ನೂರು ಪದ್ಯ ಕಟ್ಟೋದು, ಒಂದೊಂದು ಪದ್ಯದ ಕೊನೆಗೂ ಅದೇ ಹೆಸರು ಕೂಗೋದು. ಆ ಕೂಗನ್ನು ತೆಲುಗಿನವರು ಮಕುಟ ಅಂತಾರೆ, ಕನ್ನಡದಲ್ಲಿ ಅಂಕಿತ ಅಂತೀವಿ. ಪರೀಕ್ಷೆಗೆಂದು ಇವನ್ನು ಬಾಯಿಪಾಠ ಮಾಡಿದೆವು. ಹೆಸರು ಕೂಗಿದವರು ಯಾರು, ಕೂಗಲಿಕ್ಕೆ ಬಿಡದೆ ಹೊರಗೆ ನಿಲ್ಲಿಸಿದ್ದು ಯಾರನ್ನು ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ. ಅದನ್ನು ನಾವೇ ಹುಡುಕಿಕೊಳ್ಳಬೇಕಾಯಿತು.

ಮೊದಲು ಸಂಸ್ಕೃತ. 7ನೇ ಶತಮಾನದಲ್ಲಿ ಹರ್ಷನ ಆಸ್ಥಾನದ ಮಯೂರ ಸೂರ್ಯಶತಕ ಬರೆದ. ಸ್ರಗ್ಧರಾ ವೃತ್ತ, ಸಾಲಿಗೆ 21 ಅಕ್ಷರ. ಕುಷ್ಠ ಹತ್ತಿದ ಕವಿ ಸೂರ್ಯನನ್ನು ಹೊಗಳಿ ವಾಸಿಯಾದನೆಂದು ಕತೆ ಹೇಳ್ತಾರೆ. ಅದೇ ಕಾಲದ ಬಾಣನ ಹೆಸರಲ್ಲಿ ಚಂಡೀಶತಕ ಇದೆ. ಒಬ್ಬ ಮನುಷ್ಯ ತನ್ನ ಮೈನೋವು ಹೊತ್ತುಕೊಂಡು ದೇವರ ಎದುರು ನಿಲ್ಲುವುದು ಸಣ್ಣ ಮಾತಲ್ಲ. ಆದರೆ ಆ ಭಾಷೆ ಅರಮನೆ ಮತ್ತು ಅಗ್ರಹಾರದ ಗೋಡೆ ದಾಟಿ ಹೊರಗೆ ಬರಲಿಲ್ಲ. ಹೊಲದಲ್ಲಿ ಮೈ ಹುಣ್ಣಾದವನ ನೋವಿಗೆ ಅಲ್ಲಿ ವೃತ್ತವಿರಲಿಲ್ಲ.

ಕನ್ನಡಕ್ಕೆ ಬಂದಾಗ ಶತಕಕ್ಕೆ ಒಂದು ಕೆಚ್ಚು ಬಂತು. ಅದಕ್ಕೆ ಮುಂಚೆ ನಮ್ಮ ದೊಡ್ಡ ಕವಿಗಳು ರಾಜನ ಅನ್ನ ಉಂಡು ರಾಜನನ್ನೇ ಕಥಾನಾಯಕ ಮಾಡಿದವರು. 941ರಲ್ಲಿ ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಾಗಿಸಿದ. ರನ್ನ ಸತ್ಯಾಶ್ರಯನನ್ನು ಭೀಮನಾಗಿಸಿದ. ಹಂಪೆಯ ಹರಿಹರ ಬಂದು ಈ ಪದ್ಧತಿಗೆ ಬೆನ್ನು ತಿರುಗಿಸಿದ. ವಿರೂಪಾಕ್ಷನನ್ನು ಕುರಿತು ಪಂಪಾಶತಕ ಬರೆದು, ಸಾಯುವ ನರರನ್ನು ಹೊಗಳೋದಿಲ್ಲ ಎಂದ. ತೆಲುಗಿನಲ್ಲಿ 16ನೇ ಶತಮಾನದ ಧೂರ್ಜಟಿ ಕಾಳಹಸ್ತೀಶ್ವರ ಶತಕದಲ್ಲಿ ರಾಜರನ್ನು ಮುಖ ಮೂತಿ ನೋಡದೆ ಬೈದ. ಅವನು ಕೃಷ್ಣದೇವರಾಯನ ಆಸ್ಥಾನದಲ್ಲೇ ಇದ್ದವನೆಂದು ಪ್ರತೀತಿ. ಇದನ್ನು ಬಂಡಾಯ ಅಲ್ಲ ಅನ್ನೋದಕ್ಕೆ ನಮಗೆ ಮನಸ್ಸು ಬರೋದಿಲ್ಲ. ಸಿಂಹಾಸನಕ್ಕೆ ಕೈ ಮುಗಿಯದ ಕವಿ ನಮಗೆ ನೆಂಟನೇ.

ಆದರೆ ಗೆಳೆಯರೆ, ನೆಂಟ ನಮ್ಮ ಕೇರಿಯ ತನಕ ಬಂದನೇ?

ಪಾಲ್ಕುರಿಕೆ ಸೋಮನಾಥನನ್ನು ನೋಡಿ. ತೆಲುಗಿನಲ್ಲಿ ಮಕುಟ ಕಟ್ಟಿ ಶತಕ ಬರೆದವರಲ್ಲಿ ಮೊದಲಿಗರ ಸಾಲಿನವನು. ಅವನ ವೃಷಾಧಿಪ ಶತಕ ಕೂಗುವ ಹೆಸರು ನಮ್ಮ ಬಸವಣ್ಣನದೇ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಿ, ಅದಕ್ಕಾಗಿ ರಕ್ತ ಹರಿಯಿತೆಂದು ಪರಂಪರೆ ಹೇಳುತ್ತದೆ. ಆ ಬಸವಣ್ಣ ಶತಕದ ಒಳಗೆ ನಂದಿಯ ಅವತಾರವಾದ, ವೃಷಾಧಿಪನಾದ, ಪೂಜೆಗೆ ಕೂತ. ಸೋಮನಾಥನ ಭಕ್ತಿ ಸುಳ್ಳಲ್ಲ. ಆದರೂ ಹರಳಯ್ಯನ ಪಕ್ಕದಲ್ಲಿ ಕೂತಿದ್ದ ಮನುಷ್ಯನನ್ನು ಎತ್ತಿ ಎತ್ತರದಲ್ಲಿಟ್ಟರೆ, ಹರಳಯ್ಯ ಮತ್ತೆ ಕೆಳಗೇ ಉಳಿದ ಹಾಗಾಯಿತು.

ಆಮೇಲೆ ಶತಕ ಪಾಠವಾಯಿತು. ಪುಲಿಗೆರೆಯ ಸೋಮನಾಥನದೆಂದು ಹೇಳುವ ಸೋಮೇಶ್ವರ ಶತಕವನ್ನು ಕೂಲಿಮಠದ ಐಗಳು ಮಕ್ಕಳ ಬಾಯಲ್ಲಿ ಉರು ಹೊಡೆಸಿದರು. ಮತ್ತೇಭವಿಕ್ರೀಡಿತ, ಸಾಲಿಗೆ 20 ಅಕ್ಷರ, ಆನೆ ನಡೆದ ಹಾಗೆ ಗತ್ತು. ಯಾರು ಒಳ್ಳೆಯವನು, ಯಾರು ಕೆಟ್ಟವನು, ಹೇಗೆ ಬಾಳಬೇಕು ಎಂಬ ನೀತಿಯೆಲ್ಲ ಅದರಲ್ಲಿತ್ತು. ನಮ್ಮ ಹಿರಿಯರನ್ನು ಮಾತ್ರ ಆ ಜಗಲಿ ಹತ್ತಿಸಲಿಲ್ಲ. ನೀತಿ ಜಗಲಿಯ ಮೇಲೆ, ನಾವು ಜಗಲಿಯ ಕೆಳಗೆ.

ಮಕುಟವನ್ನೇ ತಿರುಗಿಸಿದವನು ವೇಮನ. ಅವನ ಪದ್ಯದ ಕೊನೆಯಲ್ಲಿ ಯಾವ ಗುಡಿಯ ದೇವರೂ ಇಲ್ಲ. ತನ್ನ ಹೆಸರನ್ನೇ ಕೂಗಿ ತನಗೇ ಹೇಳಿಕೊಂಡ. ಆನೆ ನಡೆಯ ವೃತ್ತ ಬಿಟ್ಟು ಆಟವೆಲದಿ ಎಂಬ ದೇಸಿ ಮಟ್ಟು ಹಿಡಿದ. ನಮ್ಮ ಸರ್ವಜ್ಞ ತ್ರಿಪದಿ ಹಿಡಿದ ಹಾಗೆ. ಕಲ್ಲಿನ ಪೂಜೆಯನ್ನೂ ಕುಲದ ಜಂಬವನ್ನೂ ಕೆಣಕಿದ. 1829ರಲ್ಲಿ ಸಿ.ಪಿ. ಬ್ರೌನ್ ಎಂಬ ಕಂಪನಿ ಅಧಿಕಾರಿ ಅಚ್ಚು ಹಾಕಿಸುವ ಮುಂಚೆಯೇ ಆ ಪದ್ಯಗಳು ಜನರ ನಾಲಿಗೆ ಮೇಲಿದ್ದವು.

ಕೊನೆಗೆ ಕೇರಿಯಿಂದಲೇ ಒಬ್ಬ ಶತಕ ಬರೆದ. ರಾಜಮಂಡ್ರಿಯ ಕುಸುಮ ಧರ್ಮಣ್ಣ. ಬಿಳಿಯರ ದೊರೆತನ ಬೇಡವೆಂದು ಗರಿಮೆಳ್ಳ ಸತ್ಯನಾರಾಯಣ ಹಾಡಿದಾಗ, ಕರಿಯರ ದೊರೆತನವೂ ನಮಗೆ ಬೇಡವೆಂದು ತಿರುಗಿ ಹಾಡಿದವನು ಇವನೇ. ಅವನು ಬರೆದದ್ದು ಹರಿಜನ ಶತಕ. ಆ ಹೆಸರನ್ನು ನಾವು ಇವತ್ತು ಒಪ್ಪೋದಿಲ್ಲ, ಅದು ಬೇರೆ ಮಾತು. ದೇವರಿಗೆ ಮೀಸಲಿದ್ದ ನೂರರ ಚೌಕಟ್ಟನ್ನು ಅವನು ಕೇರಿಗೆ ತಂದನಲ್ಲ, ಅದು ಮುಖ್ಯ. ಗುಂಟೂರು ಸೀಮೆಯ ವಿನುಕೊಂಡದ ಗುರ್ರಂ ಜಾಷುವಾ 1941ರಲ್ಲಿ ಗಬ್ಬಿಲಂ ಪ್ರಕಟಿಸಿದ. ಅದು ಶತಕವಲ್ಲ, ಆದರೆ ಅದೇ ಹಳೆಯ ಪದ್ಯಗಳ ಕಾವ್ಯ. ಗುಡಿಯೊಳಗೆ ಬಾವಲಿ ಹಾರಬಹುದು, ಅಸ್ಪೃಶ್ಯ ಹೋಗುವಂತಿಲ್ಲ. ಅದಕ್ಕೇ ಶಿವನಿಗೆ ಬಾವಲಿಯ ಕೈಲಿ ಅಹವಾಲು ಕಳಿಸುತ್ತಾನೆ. ಇಡೀ ಶತಕ ಪರಂಪರೆ ಕೇಳದೆ ಬಿಟ್ಟ ಪ್ರಶ್ನೆ ಅಲ್ಲಿದೆ.

ಛಂದಸ್ಸು ಪುರೋಹಿತರ ಆಸ್ತಿ, ನಮಗೇಕೆ ಅಂತ ನಮ್ಮ ಗೆಳೆಯರೇ ಕೆಲವರು ಅಂತಾರೆ. ನಾವು ಹಾಗೆ ಅನ್ನೋದಿಲ್ಲ. ಹೊಲ ಯಾರ ಹೆಸರಲ್ಲಿದ್ದರೇನು, ಉತ್ತವರಿಗೆ ಅದರ ಮಣ್ಣು ಗೊತ್ತು. ಬೇಕಾದರೆ ಆ ಮಟ್ಟು ಹಿಡಿಯುತ್ತೇವೆ, ಬೇಡವಾದರೆ ಮುರಿಯುತ್ತೇವೆ. ಕೊನೆಯ ಸಾಲಿನಲ್ಲಿ ಯಾರ ಹೆಸರು ಕೂಗಬೇಕು ಅನ್ನೋದನ್ನು ಮಾತ್ರ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಜೀತದಲ್ಲಿ ಸವೆದ ತಾತಂದಿರ ಹೆಸರುಗಳೇ ನಮ್ಮಲ್ಲಿ ನೂರಕ್ಕೂ ಹೆಚ್ಚಿವೆ. ಒಂದೊಂದಕ್ಕೆ ಒಂದು ಪದ್ಯವೆಂದರೂ ಆ ನೂರರ ಲೆಕ್ಕ ಚುಕ್ತಾ ಆಗೋದಿಲ್ಲ.