ಪ್ಲಾಸ್ಮಾ ಪ್ರೋಟೀನುಗಳು

ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿಹಳದಿ ದ್ರವವೇ ಪ್ಲಾಸ್ಮಾ. ರಕ್ತದ ಗಾತ್ರದಲ್ಲಿ ಇದರ ಪಾಲು ಸುಮಾರು 55%. ಅದರಲ್ಲಿ ಹತ್ತನೇ ಒಂಬತ್ತು ಪಾಲಿಗೂ ತುಸು ಹೆಚ್ಚೇ ನೀರು. ಉಳಿದುದರಲ್ಲಿ ಬಹುಭಾಗ ಪ್ರೋಟೀನು. ಆರೋಗ್ಯವಂತ ವಯಸ್ಕರ 100 ಮಿ.ಲೀ. ಪ್ಲಾಸ್ಮಾದಲ್ಲಿ 6ರಿಂದ 8 ಗ್ರಾಂ ಪ್ರೋಟೀನು ಇರುತ್ತದೆ. ಆಲ್ಬುಮಿನ್, ಗ್ಲಾಬ್ಯುಲಿನ್, ಫೈಬ್ರಿನೋಜೆನ್ ಎಂಬುವು ಇದರ ಮೂರು ಮುಖ್ಯ ಗುಂಪುಗಳು. ಪ್ರತಿಕಾಯಗಳನ್ನು ಬಿಟ್ಟರೆ ಇವುಗಳಲ್ಲಿ ಹೆಚ್ಚಿನವು ತಯಾರಾಗುವುದು ಯಕೃತ್ತಿನಲ್ಲಿ.

ಆಲ್ಬುಮಿನ್: ಒಟ್ಟು ಪ್ರೋಟೀನಿನ ಅರ್ಧಕ್ಕಿಂತ ಹೆಚ್ಚು ಪಾಲು ಇದರದೇ. ನೀರನ್ನು ರಕ್ತನಾಳದೊಳಗೆ ಹಿಡಿದಿಡುವುದು ಇದರ ಮೊದಲ ಕೆಲಸ. ಲೋಮನಾಳಗಳ ಗೋಡೆಯ ಮೂಲಕ ನೀರು ಸುಲಭವಾಗಿ ಹಾಯ್ದು ಹೋಗುತ್ತದೆ, ದೊಡ್ಡ ಅಣುವಾದ ಆಲ್ಬುಮಿನ್ ಬಹುಮಟ್ಟಿಗೆ ಒಳಗೇ ಉಳಿದು ನೀರನ್ನು ಸೆಳೆಯುತ್ತದೆ. ಈ ಸೆಳೆತದ ಮಹತ್ವವನ್ನು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ವಿವರಿಸಿದ. ಯಕೃತ್ತು ಸೊರಗಿ ಆಲ್ಬುಮಿನ್ ತಯಾರಿಕೆ ಕುಗ್ಗಿದಾಗ, ಅಥವಾ ಮೂತ್ರಪಿಂಡದ ಕಾಯಿಲೆಯಿಂದ ಅದು ಮೂತ್ರದಲ್ಲಿ ಸೋರಿಹೋದಾಗ, ನೀರು ಅಂಗಾಂಶಗಳಿಗೆ ಇಳಿದು ಕಾಲು ಊದಿಕೊಳ್ಳುತ್ತದೆ. ಕೊಬ್ಬಿನಾಮ್ಲ, ಬಿಲಿರುಬಿನ್, ಕ್ಯಾಲ್ಸಿಯಂ ಮತ್ತು ಹಲವು ಔಷಧಿಗಳನ್ನು ಹೊತ್ತೊಯ್ಯುವುದೂ ಆಲ್ಬುಮಿನ್ನೇ.

ಗ್ಲಾಬ್ಯುಲಿನ್: ಸ್ವೀಡನ್ನಿನ ಆರ್ನೆ ಟಿಸೇಲಿಯಸ್ 1937ರಲ್ಲಿ ವಿದ್ಯುತ್ ಕ್ಷೇತ್ರದ ನೆರವಿನಿಂದ ಇವನ್ನು ಆಲ್ಫಾ, ಬೀಟಾ, ಗಾಮಾ ಎಂದು ಬೇರ್ಪಡಿಸಿ ತೋರಿಸಿದ, 1948ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ. ಆಲ್ಫಾ ಗುಂಪಿನ ಆಲ್ಫಾ-1 ಆಂಟಿಟ್ರಿಪ್ಸಿನ್, ಬಿಳಿಯ ರಕ್ತಕಣಗಳು ಹೊರಹಾಕುವ ಕಿಣ್ವದಿಂದ ಶ್ವಾಸಕೋಶವನ್ನು ಕಾಪಾಡುತ್ತದೆ. ಹ್ಯಾಪ್ಟೋಗ್ಲೋಬಿನ್, ಒಡೆದ ಕೆಂಪುಕಣಗಳಿಂದ ಹೊರಬಿದ್ದ ಹಿಮೋಗ್ಲೋಬಿನ್ನನ್ನು ಹಿಡಿದಿಟ್ಟುಕೊಂಡು ಅದರಲ್ಲಿನ ಕಬ್ಬಿಣ ಮೂತ್ರದಲ್ಲಿ ಪೋಲಾಗದಂತೆ ತಡೆಯುತ್ತದೆ. ಬೀಟಾ ಗುಂಪಿನ ಟ್ರಾನ್ಸ್‌ಫೆರಿನ್, ಕೆಂಪುಕಣಗಳು ಹುಟ್ಟುವ ಅಸ್ಥಿಮಜ್ಜೆಗೆ ಕಬ್ಬಿಣವನ್ನು ತಲುಪಿಸುತ್ತದೆ.

ಗಾಮಾ ಗುಂಪಿನಲ್ಲಿರುವವು ಮುಖ್ಯವಾಗಿ ಪ್ರತಿಕಾಯಗಳು, ಅಂದರೆ ಇಮ್ಯುನೊಗ್ಲಾಬ್ಯುಲಿನ್‌ಗಳು. ಇವನ್ನು ತಯಾರಿಸುವುದು ಬಿ-ಲಿಂಫೊಸೈಟುಗಳಿಂದ ರೂಪುಗೊಂಡ ಪ್ಲಾಸ್ಮಾ ಕೋಶಗಳು. ರಕ್ತದಲ್ಲಿ ಅತಿ ಹೆಚ್ಚಾಗಿರುವ ಪ್ರತಿಕಾಯವಾದ ಐಜಿಜಿ, ಮಾಸು ದಾಟಿ ಗರ್ಭದ ಶಿಶುವನ್ನು ಸೇರುತ್ತದೆ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಹಲವು ಸೋಂಕುಗಳಿಂದ ಮಗುವನ್ನು ಕಾಯುವುದು ತಾಯಿ ಕೊಟ್ಟ ಈ ಪ್ರತಿಕಾಯಗಳೇ.

ಫೈಬ್ರಿನೋಜೆನ್: 100 ಮಿ.ಲೀ. ಪ್ಲಾಸ್ಮಾದಲ್ಲಿ ಇದು 200ರಿಂದ 400 ಮಿಲಿಗ್ರಾಂ ಮಾತ್ರ. ಗಾಯವಾದಾಗ ಥ್ರಾಂಬಿನ್ ಎಂಬ ಕಿಣ್ವ ಇದನ್ನು ಫೈಬ್ರಿನ್ ಎಳೆಗಳಾಗಿ ಮಾರ್ಪಡಿಸುತ್ತದೆ. ಎಳೆಗಳ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಂಡು ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಮೇಲೆ ಒಸರುವ, ಫೈಬ್ರಿನೋಜೆನ್ ಇಲ್ಲದ ದ್ರವಕ್ಕೆ ಸೀರಂ ಎಂದು ಹೆಸರು. ಥ್ರಾಂಬಿನ್ ರೂಪುಗೊಳ್ಳುವವರೆಗಿನ ಸರಣಿಯಲ್ಲಿ ಇನ್ನೂ ಹಲವು ಪ್ರೋಟೀನುಗಳಿವೆ. ಸಂಖ್ಯೆಯಿಂದ ಗುರುತಿಸುವ ಈ ಅಂಶಗಳಲ್ಲಿ ಎಂಟನೆಯದರ ಕೊರತೆಯಿದ್ದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾ ‘ಎ’, ಒಂಬತ್ತನೆಯದರ ಕೊರತೆಯಿದ್ದರೆ ಹಿಮೊಫಿಲಿಯಾ ‘ಬಿ’ ಉಂಟಾಗುತ್ತದೆ. ಎಲ್ಲೆಂದರಲ್ಲಿ ಹೆಪ್ಪುಗಟ್ಟದಂತೆ ಆಂಟಿಥ್ರಾಂಬಿನ್ ತಡೆಯೊಡ್ಡುತ್ತದೆ. ಗಾಯ ಮಾಗಿದ ಮೇಲೆ ಪ್ಲಾಸ್ಮಿನ್ ಹೆಪ್ಪನ್ನು ಕರಗಿಸುತ್ತದೆ.

ಚಿಕಿತ್ಸೆಯಲ್ಲಿ ಬಳಕೆ: ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಎಡ್ವಿನ್ ಕೋನ್, ತಣ್ಣನೆಯ ಆಲ್ಕೊಹಾಲ್ ಬಳಸಿ ಪ್ಲಾಸ್ಮಾದಿಂದ ಒಂದೊಂದು ಪ್ರೋಟೀನನ್ನು ಬೇರ್ಪಡಿಸುವ ವಿಧಾನ ರೂಪಿಸಿದ. ಹೀಗೆ ದೊರೆತ ಆಲ್ಬುಮಿನ್ ಗಾಯಾಳು ಸೈನಿಕರ ಜೀವ ಉಳಿಸಿತು. ಹಿಮೊಫಿಲಿಯಾ ರೋಗಿಗಳಿಗೆ ಬೇಕಾದ ಅಂಶಗಳನ್ನು ಇಂದು ಜೈವಿಕ ತಂತ್ರಜ್ಞಾನದಿಂದಲೂ ತಯಾರಿಸಲಾಗುತ್ತದೆ. ಆದರೆ ಹುಟ್ಟಿನಿಂದಲೇ ಪ್ರತಿಕಾಯಗಳ ಕೊರತೆ ಇರುವವರಿಗೆ ಕೊಡುವ ಇಮ್ಯುನೊಗ್ಲಾಬ್ಯುಲಿನ್, ಸಾವಿರಾರು ಜನ ಕೊಟ್ಟ ಪ್ಲಾಸ್ಮಾವನ್ನು ಒಟ್ಟುಗೂಡಿಸಿಯೇ ಸಿಗಬೇಕು.