ಆಟದ ಬಾಗಿಲಿನಿಂದ ಪಾಠಕ್ಕೆ

‘ಆಟಪಾಠ’ ಎಂಬುದು ಕನ್ನಡದಲ್ಲಿ ಒಂದೇ ಉಸಿರಿನ ಜೋಡಿನುಡಿ. ಶಾಲೆಯಲ್ಲಿ ಮಾತ್ರ ಇವೆರಡರ ನಡುವೆ ಗಂಟೆ ಬಾರಿಸುತ್ತದೆ. ಆ ಗಂಟೆಯ ಅಗಲಿಕೆಯನ್ನು ನಮ್ಮವರು ಹೇಗೆ ಕಂಡರೆಂಬುದನ್ನು ಬೆಂಗಳೂರಿನ ದಂಡು ಪ್ರದೇಶವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ನನ್ನ ಉದ್ದೇಶ.

1809ರಲ್ಲಿ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣವನ್ನು ಬಿಟ್ಟು ಹಲಸೂರಿನ ಬಳಿ ಬೀಡುಬಿಟ್ಟಿತು. ಅದರ ಬೆನ್ನಿಗೇ ತಮಿಳು, ಉರ್ದು, ತೆಲುಗು ಮನೆಮಾತಿನ ವರ್ತಕರೂ ಕುಶಲಕರ್ಮಿಗಳೂ ಬಂದು ನೆಲೆಸಿದರು. 1947ರಲ್ಲಿ ಈ ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. ಮನೆಮಾತುಗಳು ಹಲವಾಗಿಯೇ ಉಳಿದವು. 1865ರಲ್ಲಿ ಬಿಷಪ್ ಕಾಟನ್ ಶಾಲೆ ಆರಂಭವಾಯಿತು. ಅದರೊಡನೆ ಬಂದ ಇಂಗ್ಲಿಷ್ ಶಾಲಾ ಸಂಪ್ರದಾಯದಲ್ಲಿ ಆಟಕ್ಕೆ ಮಾನ್ಯತೆಯೇನೋ ಇತ್ತು. ಆದರೆ ಅದರ ಜಾಗ ಮೈದಾನ, ಅದರ ಗುರಿ ಶಿಸ್ತು.

ಆಟವೇ ಕಲಿಕೆಯ ದಾರಿಯೆಂಬ ವಿಚಾರ ಬೇರೆ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಎಳೆಯರಿಗಾಗಿ ಒಂದು ಸಂಸ್ಥೆಯನ್ನು ತೆರೆದು, 1840ರಲ್ಲಿ ಅದಕ್ಕೆ ‘ಮಕ್ಕಳ ತೋಟ’ ಎಂಬರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟ. ಚೆಂಡು, ಮರದ ತುಂಡು, ಹಾಡುಗಳೇ ಅಲ್ಲಿನ ಪಠ್ಯವಾದವು.

ಕನ್ನಡ ಸಾಹಿತಿಗಳಿಗೂ ಈ ಮರ್ಮ ತಿಳಿದಿತ್ತು. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯಲ್ಲಿ ಗೆದ್ದ ಮಗ ಟೊಳ್ಳು; ಸೋತರೂ ಆಪತ್ತಿಗೆ ಒದಗುವ ಮಗ ಗಟ್ಟಿ. ರಾಜರತ್ನಂ ಎಳೆಯರಿಗೆ ಪಾಠ ಹೇಳುತ್ತಿದ್ದ ದಿನಗಳಲ್ಲಿಯೇ ‘ತುತ್ತೂರಿ’ಯ ಪದ್ಯಗಳನ್ನು ರಚಿಸಿದರು. ಚಿನ್ನದ ಪಂಜರದಲ್ಲಿ ಪುಸ್ತಕದ ಹಾಳೆಗಳನ್ನೇ ತಿನ್ನಿಸಿ ಗಿಣಿಯನ್ನು ಕೊಂದ ಟಾಗೋರರ ಕಥೆಯನ್ನು ಬಿ.ವಿ. ಕಾರಂತರು ‘ಪಂಜರಶಾಲೆ’ ಎಂಬ ಮಕ್ಕಳ ನಾಟಕವಾಗಿಸಿದರು.

ಸರ್ಕಾರಿ ತರಗತಿಯ ಒಳಕ್ಕೆ ಈ ವಿಚಾರ ವ್ಯವಸ್ಥಿತವಾಗಿ ಕಾಲಿಟ್ಟದ್ದು ಹಳ್ಳಿಯ ಕಡೆಯಿಂದ. ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದರು. ಯುನಿಸೆಫ್ ನೆರವಿನಿಂದ 1995ರಲ್ಲಿ ‘ನಲಿಕಲಿ’ ಮೊದಲಾಯಿತು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೆಲ್ಲ ಅದು ಹಬ್ಬಿತು. ಸಾಲು ಬೆಂಚಿನ ಬದಲು ನೆಲದ ಮೇಲೆ ಗುಂಪುಗಳು. ಪಾಠದ ಬದಲು ಚಿತ್ರದ ಕಾರ್ಡುಗಳು. ಮಕ್ಕಳ ಕೈಗೆಟುಕುವ ಗೋಡೆ ಹಲಗೆ. ಅವರು ಬರೆದು ಕತ್ತರಿಸಿದ ಚಿತ್ರಗಳು ತೂಗುವ ‘ಚಪ್ಪರ’. ಕೆಲವರಿಗೆ ಉಪಾಧ್ಯಾಯರ ನೆರವು, ಕೆಲವರಿಗೆ ಸಹಪಾಠಿಯದು; ಕೆಲವರು ತಾವೇ ಕಲಿಯುವವರು.

ಹಳ್ಳಿಯಲ್ಲಿ ಹುಟ್ಟಿದ ಈ ಕ್ರಮ ದಂಡಿಗೆ ಇನ್ನೂ ಹೆಚ್ಚು ಅಗತ್ಯವೆಂದು ನನ್ನ ಭಾವನೆ. ಹಲಸೂರಿನಲ್ಲಿ ತಮಿಳು, ಶಿವಾಜಿನಗರದಲ್ಲಿ ಉರ್ದು ಆಡುವ ಮಗು, ಕೃಷ್ಣರಾಜಪುರದ ಕಡೆಗೆ ಕಟ್ಟಡದ ಕೂಲಿಗಾಗಿ ದೂರದಿಂದ ಬಂದವರ ಮಗು, ಇವರು ಕನ್ನಡ ಶಾಲೆಗೆ ಬಂದರೆ ಮೊದಲ ದಿನಗಳಲ್ಲಿ ಮೌನವಾಗಿರುತ್ತಾರೆ. ಆ ಮೌನವನ್ನು ದಡ್ಡತನವೆಂದು ಬಗೆದರೆ ಒಂದು ಬಾಳಿಗೇ ಅನ್ಯಾಯವಾಗುತ್ತದೆ. ಆಟದಲ್ಲಾದರೆ ಆ ಮಗು ಭಾಷೆ ಬರುವ ಮೊದಲೇ ಪಾಲುಗೊಳ್ಳುತ್ತದೆ. ‘ಮೇಲೆ’, ‘ಕೆಳಗೆ’, ‘ನಿಲ್ಲು’, ‘ಓಡು’ ಎಂಬ ಮಾತುಗಳನ್ನು ಮೊದಲು ಕೈಕಾಲುಗಳು ಕಲಿಯುತ್ತವೆ. ನಾಲಿಗೆ ಅವನ್ನು ಹಿಂಬಾಲಿಸುತ್ತದೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕಾರ್ಡನ್ನು ಮುಗಿಸಿ ಗುರುತು ಹಾಕುವುದೇ ಕೆಲಸವಾದರೆ ನಲಿಯೂ ಇಲ್ಲ, ಕಲಿಯೂ ಇಲ್ಲ. ಪಂಜರಕ್ಕೆ ಹೊಸ ಬಣ್ಣ ಬಳಿದಂತಾದೀತು, ಅಷ್ಟೆ. ಆಟವನ್ನು ಆಟವಾಗಿ ಉಳಿಸಬಲ್ಲವರು ಉಪಾಧ್ಯಾಯರು. ಅವರಿಗೆ ಬಿಡುವನ್ನೂ ನಂಬಿಕೆಯನ್ನೂ ಕೊಡಬೇಕಾದವರು ನಾವು.