ನಮ್ಮ ಸಾಲದ ಲೆಕ್ಕ ನಮಗೆ ಕಾಣಬೇಡವೇ?

ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ, ಭಂಡಾರದ ಹಣವನ್ನೆಲ್ಲ ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೆಲವರು ಅರಸನಿಗೆ ಚಾಡಿ ಹೇಳಿದ ಕಥೆ ನಮ್ಮ ಪುರಾಣಗಳಲ್ಲಿದೆ. ಅರಸ ಲೆಕ್ಕ ಕೇಳಿದ. ಭಂಡಾರ ತೆರೆಸಿ ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ. ಕಥೆಯಲ್ಲಿನ ಪವಾಡದ ಅಂಶವನ್ನು ಬದಿಗಿಟ್ಟರೂ ಅದರೊಳಗೊಂದು ವ್ಯವಹಾರದ ಮಾತು ಉಳಿಯುತ್ತದೆ. ಹಣದ ವಿಷಯದಲ್ಲಿ ಒಬ್ಬರ ಮೇಲೆ ಅಪವಾದ ಬಂದರೆ ಅದಕ್ಕೆ ಉತ್ತರ ಲೆಕ್ಕದಲ್ಲೇ ಸಿಗಬೇಕು. ಸಿಗಬೇಕಾದರೆ ಲೆಕ್ಕ ತೆರೆದು ನೋಡುವಂತಿರಬೇಕು.

ಬಸವಣ್ಣನವರ ಕೈಯಲ್ಲಿ ಭಂಡಾರದ ಕೀಲಿಯೇ ಇತ್ತು. ಅದೇ ಸೀಮೆಯ ಇಂಡಿ, ಸಿಂದಗಿ, ಮುದ್ದೇಬಿಹಾಳದ ಸಾಮಾನ್ಯ ರೈತನಿಗೆ ತನ್ನ ಸಾಲದ ಲೆಕ್ಕ ನೋಡುವ ಭಾಗ್ಯ ಬಹುಕಾಲ ಒದಗಲಿಲ್ಲ. ಇಂದು ಇಂಡಿ ತಾಲೂಕಿನ ತಾಂಬಾದಂಥ ಊರಿನಿಂದ ಒಬ್ಬ ರೈತ ಲಿಂಬೆ ತೋಟಕ್ಕೆ ಹನಿ ನೀರಾವರಿ ಹಾಕಿಸಲೆಂದೋ, ಟ್ರ್ಯಾಕ್ಟರ್ ಕೊಳ್ಳಲೆಂದೋ ಬ್ಯಾಂಕಿಗೆ ಹೋದರೆ ವ್ಯವಸ್ಥಾಪಕರು ಅವನ ಪ್ಯಾನ್ ಸಂಖ್ಯೆಯನ್ನು ಕಂಪ್ಯೂಟರಿಗೆ ಕೊಡುತ್ತಾರೆ. 300ರಿಂದ 900ರ ನಡುವಿನ ಒಂದು ಅಂಕಿ ಮೂಡುತ್ತದೆ. ‘ನಿಮ್ಮ ಸಿಬಿಲ್ ಸರಿ ಇಲ್ಲ’ ಎಂಬ ಮಾತು ಬಂದರೆ ಹೊಲ ಎಷ್ಟೇ ಚೆನ್ನಾಗಿರಲಿ, ಸಾಲ ಸಿಗುವುದು ಕಷ್ಟ. ಆ ಅಂಕಿ ಎಲ್ಲಿಂದ ಬಂತು, ಅದರ ಹಿಂದಿರುವ ಬರವಣಿಗೆ ನಿಜವೇ ಎಂದು ಕೇಳುವವರು ಕಡಿಮೆ. ಕೇಳುವ ಹಕ್ಕು ಹೇಗೆ ಬಂತೆಂಬುದು ಮಾತ್ರ ನೂರೈವತ್ತು ವರ್ಷಗಳ ಕಥೆ.

ವಹಿ ಬರೆದವನ ಕೈ

ಹತ್ತೊಂಬತ್ತನೆಯ ಶತಮಾನದ ದಖ್ಖನಿನಲ್ಲಿ ಸಾಲದ ಲೆಕ್ಕವೆಂದರೆ ಸಾವುಕಾರನ ವಹಿ. ದಿನದ ಕೊಡು-ಕೊಳ್ಳುವಿಕೆ ಕೀರ್ದಿಯಲ್ಲಿ, ಒಬ್ಬೊಬ್ಬರ ಹೆಸರಿನ ಲೆಕ್ಕ ಖಾತೆಯಲ್ಲಿ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಇದನ್ನು ಅನೇಕ ಕಡೆ ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದರು. ಹೆಬ್ಬೆಟ್ಟೊತ್ತುವ ರೈತನಿಗೆ ಕನ್ನಡದ ಅಕ್ಷರವೇ ಬಾರದಿರುವಾಗ ಮೋಡಿಯ ಮಾತೆಲ್ಲಿ? ಬಿತ್ತನೆಗೆ ತಂದ ಜೋಳಕ್ಕೆ ಸುಗ್ಗಿಯಲ್ಲಿ ಸವಾಯಿ ಎಂದರೆ ಒಂದೂಕಾಲು ಪಾಲು, ದೀಡಿ ಎಂದರೆ ಒಂದೂವರೆ ಪಾಲು ಅಳೆದುಕೊಡಬೇಕು. ಅಳೆದುಕೊಟ್ಟದ್ದು ವಹಿಯಲ್ಲಿ ಜಮಾ ಆಯಿತೋ ಇಲ್ಲವೋ ಎಂಬುದಕ್ಕೆ ಸಾವುಕಾರನ ಬಾಯಿಮಾತೇ ಸಾಕ್ಷಿ.

ಇದಕ್ಕೆ ಕಾನೂನೂ ತನಗರಿವಿಲ್ಲದೆ ನೆರವಾಯಿತು. ಬಡ್ಡಿಯ ಬಾಕಿ ಅಸಲನ್ನು ಮೀರಬಾರದೆಂಬ ‘ದಾಮದುಪ್ಪಟ’ದ ಹಳೆಯ ಕಟ್ಟಳೆಯನ್ನು ಮುಂಬಯಿ ಪ್ರಾಂತದ ನ್ಯಾಯಾಲಯಗಳು ಮನ್ನಿಸುತ್ತಿದ್ದವು. ಆದರೆ 1859ರ ಅವಧಿ ಕಾಯ್ದೆ ಸಾಲಪತ್ರಗಳ ಮೇಲೆ ದಾವೆ ಹೂಡಲು ಮೂರು ವರ್ಷದ ಗಡುವು ಹಾಕಿತು. ರೈತನನ್ನು ರಕ್ಷಿಸಲೆಂದೇ ಹಾಕಿದ ಗಡುವು ಅದು. ಫಲ ಮಾತ್ರ ಉಲ್ಟಾ ಆಯಿತು. ಮೂರು ವರ್ಷ ತುಂಬುವ ಮೊದಲೇ ಸಾವುಕಾರ ಹೊಸ ಪತ್ರ ಬರೆಸಿಕೊಳ್ಳುವನು. ಹಳೆಯ ಅಸಲು ಮತ್ತು ಬಡ್ಡಿ ಎರಡೂ ಸೇರಿ ಹೊಸ ಪತ್ರದಲ್ಲಿ ಅಸಲಾಗುವುವು. ಹೀಗೆ ಎರಡು ಮೂರು ಸಲ ಪತ್ರ ಬದಲಾದರೆ ಮೊದಲು ಪಡೆದ ಸಾಲ ಎಷ್ಟು, ಕೊಟ್ಟದ್ದೆಷ್ಟು ಎಂಬುದರ ಗುರುತೇ ಉಳಿಯುತ್ತಿರಲಿಲ್ಲ. ನ್ಯಾಯಾಲಯ ನೋಡುತ್ತಿದ್ದುದು ಕಡೆಯ ಪತ್ರವನ್ನು ಮಾತ್ರ.

ಸುಟ್ಟ ಪತ್ರ, ಬಂದ ಕಾಯ್ದೆ

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ರೈತರು ಸಾವುಕಾರರ ಮನೆ-ಅಂಗಡಿಗಳ ಮೇಲೆ ಎರಗಿದರು. ಪುಣೆ, ಅಹಮದನಗರ ಜಿಲ್ಲೆಗಳ ಹಲವು ಹಳ್ಳಿಗಳಿಗೆ ಅದು ಹಬ್ಬಿತು. ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ‘ದಖ್ಖನಿನ ದಂಗೆ’ ಎಂದು ಹೆಸರು. ಗಮನಿಸಬೇಕಾದ ಸಂಗತಿಯೆಂದರೆ, ದಂಗೆಕೋರರು ಎಲ್ಲಕ್ಕಿಂತ ಮುಖ್ಯವಾಗಿ ಕೇಳಿದ್ದು ಸಾಲಪತ್ರಗಳನ್ನು ಮತ್ತು ಕೋರ್ಟಿನ ಹುಕುಂನಾಮೆಗಳನ್ನು. ಸಿಕ್ಕವನ್ನು ಸುಟ್ಟರು. ಕೊಟ್ಟುಬಿಟ್ಟ ಸಾವುಕಾರರನ್ನು ಸಾಮಾನ್ಯವಾಗಿ ಹೆಚ್ಚು ಪೀಡಿಸಲಿಲ್ಲ. ತಮ್ಮ ಬಾಳನ್ನು ಹಿಡಿದಿಟ್ಟ ಬರವಣಿಗೆಯನ್ನು ಓದಲಾಗದವರು ಅದನ್ನು ಸುಡುವ ದಾರಿ ಹಿಡಿದರು.

ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಅಷ್ಟರಲ್ಲಿ 1876-78ರ ಭೀಕರ ಬರ ಬಂದು ಇಂಡಿ ಸೇರಿದ್ದ ಅಂದಿನ ಕಲಾದಗಿ ಜಿಲ್ಲೆಯನ್ನೂ ಹಿಂಡಿತು. 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಜಾರಿಯಾಯಿತು. ಮೊದಲಿಗೆ ಅದರ ಮುಖ್ಯ ಭಾಗಗಳು ಅನ್ವಯವಾದದ್ದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಿಗೆ. ಭೀಮೆಯ ಆಚೆ ದಡದ ಸೊಲ್ಲಾಪುರದ ರೈತನಿಗೆ ಸಿಕ್ಕ ರಕ್ಷಣೆ ಈಚೆ ದಡದ ಇಂಡಿಯ ರೈತನಿಗೆ ಕೂಡಲೇ ಸಿಗಲಿಲ್ಲ. ಕಾಯ್ದೆ ಪ್ರಾಂತದ ಉಳಿದ ಕಡೆಗೆ ಹಬ್ಬಿದ್ದು ಆಮೇಲೆ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಈ ಕಾಯ್ದೆಯಡಿ ವಿಶೇಷ ನ್ಯಾಯಾಧೀಶರಾಗಿ ಕೆಲಸ ಮಾಡಿದ್ದರು.

ಈ ಕಾಯ್ದೆಯಲ್ಲಿ ಎರಡು ದೊಡ್ಡ ಮಾತುಗಳಿದ್ದವು. ಒಂದು, ನ್ಯಾಯಾಲಯ ಕಡೆಯ ಪತ್ರಕ್ಕೆ ನಿಲ್ಲದೆ ವ್ಯವಹಾರದ ಬುಡದಿಂದ ಲೆಕ್ಕ ತೆಗೆಯಬೇಕು. ಎರಡನೆಯದು ಇಂದಿನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ರೈತ ಹಣ ಕಟ್ಟಿದರೆ ಲಿಖಿತ ರಸೀದಿ ಕೊಡಬೇಕು. ಕೇಳಿದರೆ ವರ್ಷಕ್ಕೊಮ್ಮೆ ಅವನ ಲೆಕ್ಕದ ತಖ್ತೆ ಕೊಡಬೇಕು. ಬಯಸಿದರೆ ಪಾಸ್‌ಬುಕ್ಕಿನಲ್ಲಿ ಲೆಕ್ಕ ಬರೆದುಕೊಡಬೇಕು. ತಪ್ಪಿದರೆ ದಂಡ. ವರ್ಷಕ್ಕೊಮ್ಮೆ ತನ್ನ ಸಾಲದ ಲೆಕ್ಕ ನೋಡುವ ಹಕ್ಕು ಹೀಗೆ 1879ರಲ್ಲೇ ನಮ್ಮ ನೆರೆಯ ಜಿಲ್ಲೆಯ ರೈತನಿಗೆ ಕಾಗದದ ಮೇಲೆ ದೊರೆತಿತ್ತು.

‘ಕೇಳಿದರೆ’ ಎಂಬ ಶಬ್ದದಲ್ಲೇ ತೊಡಕಿತ್ತು. ಮುಂದಿನ ಮುಂಗಾರಿಗೆ ಬೀಜಕ್ಕೆ ಅದೇ ಅಂಗಡಿಯ ಕಟ್ಟೆ ಏರಬೇಕಾದವನು ‘ಲೆಕ್ಕ ತೋರಿಸಿ’ ಎಂದು ಹೇಗೆ ಕೇಳಿಯಾನು? ಕೊಟ್ಟವನು ಕೋಡಂಗಿ, ಇಸಗೊಂಡವನು ವೀರಭದ್ರ ಎಂಬ ಗಾದೆ ನಮ್ಮಲ್ಲಿದೆ. ಬರಗಾಲದ ಸೀಮೆಯ ರೈತನ ಪಾಲಿಗೆ ಅದು ತಿರುಗುಮುರುಗಾಗಿಯೇ ಇತ್ತು.

ಊರ ಸಂಘ, ಪರದೇಶದ ದಫ್ತರ

ಸಹಕಾರ ಚಳವಳಿ ಬೇರೊಂದು ದಾರಿ ತೋರಿಸಿತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯ ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಊರಿನವರೇ ಸದಸ್ಯರು, ಊರಿನವರೇ ಹೊಣೆಗಾರರು. ‘ಪತ್ತು’ ಎಂಬ ಶಬ್ದದ ನಿಜವಾದ ಅರ್ಥ ಅಲ್ಲಿ ಕಾಣುತ್ತದೆ. ಯಾರು ಹೇಳಿದ ಮಾತಿಗೆ ನಿಲ್ಲುವವರು, ಯಾರಿಗೆ ಮಳೆ ಕೈಕೊಟ್ಟಿದೆ ಎಂಬುದು ನೆರೆಯವರಿಗೆ ಗೊತ್ತು. ತಪ್ಪು ಬರೆದರೆ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಆದರೆ ಈ ದಾರಿ ಅಗಲವಾಗಲಿಲ್ಲ. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3.1 ಮಾತ್ರ, ಲೇವಾದೇವಿಗಾರರ ಪಾಲು ಶೇಕಡಾ 70ರ ಹತ್ತಿರ.

ಇತ್ತ ಅಮೆರಿಕದಲ್ಲಿ, ಪರಿಚಯವೇ ಇಲ್ಲದವರಿಗೆ ಸಾಲ ಕೊಡುವ ವ್ಯಾಪಾರಿಗಳಿಗಾಗಿ ಇನ್ನೊಂದು ಪದ್ಧತಿ ಬೆಳೆಯುತ್ತಿತ್ತು. 1837ರ ಆರ್ಥಿಕ ಕುಸಿತದಲ್ಲಿ ನೊಂದ ರೇಷ್ಮೆ ವ್ಯಾಪಾರಿ ಲೂಯಿಸ್ ಟಪ್ಪನ್ 1841ರಲ್ಲಿ ನ್ಯೂಯಾರ್ಕಿನಲ್ಲಿ ‘ಮರ್ಕೆಂಟೈಲ್ ಏಜೆನ್ಸಿ’ ತೆರೆದ. ಊರೂರಿನ ವಕೀಲರೇ ಮೊದಲಾದವರು ಅಲ್ಲಿನ ವರ್ತಕರ ಸ್ಥಿತಿಗತಿ, ನಡತೆ ಬರೆದು ಕಳಿಸುವುದು, ದೊಡ್ಡ ದಫ್ತರಗಳಲ್ಲಿ ಅದನ್ನು ಏರಿಸುವುದು, ಚಂದಾದಾರರಿಗೆ ತಿಳಿಸುವುದು. ಯಾರ ಬಗ್ಗೆ ಬರೆದಿದೆಯೋ ಅವರಿಗೆ ಮಾತ್ರ ಅದು ಗುಟ್ಟು. ಮುಂದೆ ಈ ಪದ್ಧತಿ ಸಾಮಾನ್ಯ ಗ್ರಾಹಕರಿಗೂ ಬಂತು. ತಮ್ಮ ಬಗೆಗಿನ ಬರಹವನ್ನು ತಿಳಿದುಕೊಳ್ಳುವ, ತಪ್ಪಿದ್ದರೆ ಪ್ರಶ್ನಿಸುವ ಹಕ್ಕು ಅಲ್ಲಿನ ಜನರಿಗೆ ರಾಷ್ಟ್ರಮಟ್ಟದ ಕಾನೂನಿನಿಂದ ಸಿಕ್ಕಿದ್ದು 1970ರಲ್ಲಿ.

ನಮ್ಮಲ್ಲಿ 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕೃತವಾದ ಮೇಲೆ ಬ್ಯಾಂಕು ಹಳ್ಳಿಗೆ ಬಂತು. ಸಾಲ ಪಡೆದವರ ಮಾಹಿತಿಯನ್ನು ಒಂದೆಡೆ ಕೂಡಿಹಾಕುವ ಸಿಬಿಲ್ ಸಂಸ್ಥೆ 2000ದಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. 2005ರಲ್ಲಿ ಸಾಲ ಮಾಹಿತಿ ಕಂಪನಿಗಳ ಕಾಯ್ದೆ ಬಂತು. ತನ್ನ ವರದಿಯನ್ನು ಕೇಳಿ ಪಡೆಯುವ, ತಪ್ಪು ತಿದ್ದಿಸುವ ಹಕ್ಕನ್ನು ಸಾಲಗಾರನಿಗೆ ಅದು ಕೊಟ್ಟಿದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ಪ್ರತಿ ಕಂಪನಿಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. 1879ರ ವಾರ್ಷಿಕ ತಖ್ತೆ ಹೊಸ ರೂಪದಲ್ಲಿ ಮರಳಿತೆನ್ನಬಹುದು. ‘ಕೇಳಿದರೆ’ ಎಂಬ ಶಬ್ದವೂ ಜೊತೆಗೇ ಮರಳಿದೆ.

ಬೋಜಾ ಇಳಿಸುವ ಬಗೆ

ವಿಜಾಪುರ ಸೀಮೆಯ ರೈತನಿಗೆ ಇದನ್ನು ತಿಳಿಸಲು ದೊಡ್ಡ ಪಾಠ ಬೇಕಿಲ್ಲ. ಪಹಣಿಯನ್ನು ಇಲ್ಲಿ ‘ಉತಾರ’ ಎನ್ನುತ್ತಾರೆ. ಅದರ 11ನೆಯ ಕಾಲಮ್ಮಿನಲ್ಲಿ ಹೊಲದ ಮೇಲಿನ ಸಾಲದ ‘ಬೋಜಾ’ ಕೂತಿರುತ್ತದೆ. ಸಾಲ ತೀರಿಸಿದರಷ್ಟೇ ಸಾಲದು. ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ ತಂದು ಬೋಜಾ ಕಡಿಮೆ ಮಾಡಿಸಬೇಕು, ಮತ್ತೊಮ್ಮೆ ಉತಾರ ತೆಗೆಸಿ ನೋಡಬೇಕು. ಸಾಲದ ವರದಿಯೆಂದರೆ ಮನುಷ್ಯನ ಉತಾರ. ಹೊಲದ ಉತಾರವನ್ನು ಇಷ್ಟು ಜತನದಿಂದ ನೋಡುವವರು ತಮ್ಮ ಉತಾರವನ್ನು ಯಾಕೆ ನೋಡಬಾರದು?

ನಮ್ಮ ದೇಶದಲ್ಲಿ ಇಂಥ ವರದಿ ಕೊಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕರಲ್ಲೂ ಬರಹ ಒಂದೇ ತೆರನಾಗಿರಬೇಕೆಂದಿಲ್ಲ. ನಮ್ಮ ವರದಿಯನ್ನು ನಾವೇ ತರಿಸಿ ನೋಡಿದರೆ ಅಂಕ ಇಳಿಯುತ್ತದೆಂಬ ಭಯ ಬೇಡ, ಅದು ಸುಳ್ಳು.

ವರದಿ ಕೈಗೆ ಬಂದಾಗ ಮೊದಲು ಹೆಸರು, ಹುಟ್ಟಿದ ತಾರೀಖು, ಪ್ಯಾನ್ ಸಂಖ್ಯೆ, ವಿಳಾಸ ನೋಡಬೇಕು. ಒಂದೇ ಊರಿನಲ್ಲಿ ಒಂದೇ ಹೆಸರಿನ, ಒಂದೇ ಅಡ್ಡಹೆಸರಿನ ನಾಲ್ಕಾರು ಜನರಿರುವ ನಮ್ಮಲ್ಲಿ ಒಬ್ಬರ ಸಾಲ ಇನ್ನೊಬ್ಬರ ಹೆಸರಿಗೆ ಅಂಟಿಕೊಳ್ಳುವ ಸಂಭವ ಉಂಟು. ಆಮೇಲೆ ಒಂದೊಂದೇ ಸಾಲ ನೋಡಬೇಕು. ತೀರಿಸಿದ ಸಾಲ ಇನ್ನೂ ಜೀವಂತವಾಗಿದೆಯೇ? ತಾವು ಪಡೆಯದ ಸಾಲವಿದೆಯೇ? ಗೆಳೆಯನಿಗೆ ಜಾಮೀನು ನಿಂತ ಸಾಲವೂ ಅಲ್ಲಿ ಕಾಣಬಹುದು. ಅವನು ತಪ್ಪಿದರೆ ಕಲೆ ಜಾಮೀನುದಾರನಿಗೂ ತಟ್ಟುತ್ತದೆ.

‘ಮುಕ್ತಾಯ’ ಮತ್ತು ‘ತೀರುವಳಿ’ ಎಂಬ ಎರಡು ಷರಾಗಳ ವ್ಯತ್ಯಾಸವನ್ನು ಎಲ್ಲರೂ ತಿಳಿದಿರಬೇಕು. ಪೂರ್ತಿ ಕಟ್ಟಿದ ಸಾಲ ಮುಕ್ತಾಯ. ಬ್ಯಾಂಕು ಒಂದಷ್ಟು ಬಿಟ್ಟುಕೊಟ್ಟು ಚುಕ್ತಾ ಮಾಡಿಕೊಂಡದ್ದು ತೀರುವಳಿ. ಮುಂದೆ ಸಾಲ ಕೊಡುವವರು ಇದನ್ನು ಒಳ್ಳೆಯ ಗುರುತೆಂದು ಎಣಿಸುವುದಿಲ್ಲ. 2008ರ ಕೇಂದ್ರ ಸರ್ಕಾರದ ಮನ್ನಾ, 2018ರ ಕರ್ನಾಟಕ ಸರ್ಕಾರದ ಬೆಳೆಸಾಲ ಮನ್ನಾ ಇವುಗಳ ಫಲ ಪಡೆದವರು ತಮ್ಮ ಖಾತೆಗೆ ಯಾವ ಷರಾ ಬಿದ್ದಿದೆಯೆಂದು ನೋಡಿಕೊಳ್ಳುವುದು ಒಳಿತು. ಮನ್ನಾ ಆದ ಸುದ್ದಿ ಪತ್ರಿಕೆಯಲ್ಲಿ ಬಂದ ಮಾತ್ರಕ್ಕೆ ಕಂಪ್ಯೂಟರಿನ ಖಾತೆ ತಾನಾಗಿ ಸರಿಹೋಗುವುದಿಲ್ಲ.

ತಪ್ಪು ಕಂಡರೆ ಆ ಕಂಪನಿಗೆ ತಕರಾರು ಅರ್ಜಿ ಸಲ್ಲಿಸಬೇಕು. ಸಾಲ ಕೊಟ್ಟ ಬ್ಯಾಂಕಿಗೂ ಬರೆದು ಪ್ರತಿಗೆ ಸ್ವೀಕೃತಿ ಪಡೆಯಬೇಕು. ಬ್ಯಾಂಕು ಒಪ್ಪದೆ ಕಂಪನಿ ತಾನಾಗಿ ಅಕ್ಷರ ಬದಲಿಸುವಂತಿಲ್ಲ. ಆದ್ದರಿಂದ ರಸೀದಿ, ಬಾಕಿ ಇಲ್ಲದ ಪತ್ರ, ಪಾಸ್‌ಬುಕ್ ಇವನ್ನು ಸಾಲ ತೀರಿದ ಮೇಲೂ ಟ್ರಂಕಿನಲ್ಲಿ ಕಾದಿಡಬೇಕು. 30 ದಿನದೊಳಗೆ ತಕರಾರು ಬಗೆಹರಿಯಬೇಕು. 2024ರ ಏಪ್ರಿಲಿನಿಂದ, ತಡವಾದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ ಜಾರಿಯಲ್ಲಿದೆ. ಆಗಲೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

‘ಇಷ್ಟು ಕೊಟ್ಟರೆ ಸಿಬಿಲ್ ಸ್ವಚ್ಛ ಮಾಡಿಸಿಕೊಡುತ್ತೇವೆ’ ಎನ್ನುವ ದಲ್ಲಾಳಿಗಳೂ ಹುಟ್ಟಿಕೊಂಡಿದ್ದಾರೆ. ಸುಳ್ಳು ಬರಹವನ್ನು ನಾವೇ ಪುಕ್ಕಟೆ ತಿದ್ದಿಸಬಹುದು. ನಿಜವಾದ ಬಾಕಿಯನ್ನು ಯಾವ ದಲ್ಲಾಳಿಯೂ ಅಳಿಸಲಾರ. ಕಂತು ತಪ್ಪಿದ ದಾಖಲೆಯನ್ನು ಕಂಪನಿಗಳು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವಿದೆ. ಅದಕ್ಕೆ ಮದ್ದೆಂದರೆ ಬಾಕಿ ಕಟ್ಟುವುದು, ಮುಂದಿನ ಕಂತುಗಳನ್ನು ವೇಳೆಗೆ ಸರಿಯಾಗಿ ಸಲ್ಲಿಸುವುದು. ಹಳೆಯ ಕಲೆ ನಿಧಾನವಾಗಿ ಮಾಸುತ್ತದೆ.

ಸುಪೆಯ ರೈತರ ಕಾಲದಲ್ಲಿ ಸಾಲದ ಪತ್ರವೊಂದನ್ನು ಸುಟ್ಟರೆ ಅದು ಬೂದಿಯಾಗುತ್ತಿತ್ತು. ಇಂದಿನ ವಹಿಗೆ ಬೆಂಕಿ ತಾಗದು. ಅದರ ಬದಲು ಅಂದಿನವರಿಗೆ ಎಟುಕದಿದ್ದ ಒಂದು ಅನುಕೂಲ ಇಂದು ನಮಗಿದೆ. ವಹಿಯ ಪುಟ ತೋರಿಸಿ ಎಂದು ಕೇಳಿದರೆ ಮುನಿಸಿಕೊಂಡು ಬೀಜ ಕೊಡದೆ ಅಟ್ಟುವ ಸಾವುಕಾರ ಅಲ್ಲಿ ಕುಳಿತಿಲ್ಲ. ಮನೆಯಲ್ಲಿ ಓದುಬಲ್ಲ ಮಗನೋ ಮಗಳೋ ಇದ್ದರೆ ಅರ್ಧ ಗಂಟೆಯ ಕೆಲಸ. ಯುಗಾದಿಗೋ ದೀಪಾವಳಿಗೋ ಅಂಗಡಿಯವರು ಹೊಸ ವಹಿ ಪೂಜೆ ಮಾಡುವ ದಿನ ನಾವೂ ನಮ್ಮ ಹೆಸರಿನ ವಹಿಯನ್ನು ಒಮ್ಮೆ ತರಿಸಿ ಓದಿದರೆ ತಪ್ಪಿಲ್ಲ.